ರೆಸ್ಟ್ ಕಾಲಂ

೧೪ ನವೆಂಬರ್, ಶುಕ್ರವಾರ

ಅಂತೂ ನಿನ್ನೆ ಹೆದರಿದ ಹಾಗಾಗಲಿಲ್ಲ, ಡ್ರೈವರ್ ಯಾಸೀನನ ಲೈಸೆನ್ಸ್ ವಾಪಸು ಬಂತು. ಅವನ ಕೊಬ್ಬರಿ ಲಾರಿಯ ಲಾಗ್‌ಬುಕ್ ತುಂಬುವವನು ಮಂಡಿ ಗುಮಾಸ್ತನಾದ ನಾನು. ‘ರೆಸ್ಟ್’ ಕಾಲಂ ಕಂಡು, ಕಾಲೇಜು ಇಂಗ್ಲಿಷಿನ ನೆನಪಲ್ಲಿ ‘ಉಳಿದದ್ದು’ ಎಂದುಕೊಂಡು, ಹೋಗಲು ಉಳಿದ ಕಿಲೋಮೀಟರು ‘೨೪೦’ ಎಂದು ಬರೆದಿದ್ದೆ. ಕಿಬ್ಬನಹಳ್ಳಿ ಬಳಿ ತಡೆದ ಇನ್‌ಸ್ಪೆಕ್ಟರು, “ಇನ್ನೂರ ನಲವತ್ತು ಗಂಟೆ ಮಲಗಿದ್ಯೇನಯ್ಯಾ?” ಎಂದು ಲೈಸೆನ್ಸ್ ಇಟ್ಟುಕೊಂಡಿದ್ದರು. ಇವತ್ತು ನಾನೇ ಹೋಗಿ ತಪ್ಪು ಒಪ್ಪಿಕೊಂಡೆ. ಲಾರಿ ರಾತ್ರಿ ಎಂಟು ಗಂಟೆ ನಿಂತಿದ್ದು ಜಿಪಿಎಸ್‌ನಲ್ಲಿ ಕಂಡ ಮೇಲೆ ನಗುತ್ತಾ ಕೊಟ್ಟರು.

ವಾಪಸು ಬರುವ ದಾರಿಯಲ್ಲಿ ಯಾಸೀನ್, “ನಿಮ್ ಇಂಗ್ಲಿಷ್ ಸಾಕು ಬುಡಿ ಅಣ್ಣ, ನಾನ್ ಮಲ್ಗಿದ್ದನ್ನ ಕನ್ನಡದಲ್ಲೇ ಬರೀರಿ” ಅಂದ.

ನನ್ನವಳು ಬದುಕಿದ್ದಿದ್ದರೆ ಮೊದಲ ದಿನವೇ “ರೆಸ್ಟ್ ಅಂದ್ರೆ ಮಲ್ಗೋದು ಕಣ್ರೀ” ಎನ್ನುತ್ತಿದ್ದಳು.

ಬೆಳಕು ಇಳಿಯಿತು, ಅಕ್ಷರ ಕಾಣುತ್ತಿಲ್ಲ. ಇನ್ನು ರೆಸ್ಟ್, ಅವಳು ಹೇಳುತ್ತಿದ್ದ ಅರ್ಥದಲ್ಲೇ.