ಮಷೀನಿನ ಸಪ್ಪಳ

ನೀಲಾ,

ಶಿರಸಿಯ ಸೊಸೈಟಿಗೆ ಹೊರಟೆ. ಹೊಲಿಗೆ ಮಷೀನಿನ ಕಂತನ್ನು ಲಗ್ನದ ಹೊಲಿಗೆ ಬರುವ ತನಕ ಅರ್ಧಕ್ಕಿಳಿಸಿರಿ ಅಂತ ಕೇಳಬೇಕು. ಒಪ್ಪದಿದ್ದರೆ ಮಷೀನನ್ನೇ ಒಯ್ಯುತ್ತಾರೆ. ನಿಮ್ಮಣ್ಣ ತೀರಿಕೊಂಡದ್ದನ್ನು ಅಲ್ಲಿ ನಾನೇ ಬಾಯಿಬಿಟ್ಟು ಹೇಳಬೇಕು.

ರೊಟ್ಟಿ ಬುಟ್ಟಿಯಲ್ಲಿವೆ. ಮಜ್ಜಿಗೆ ಮುಚ್ಚಿಡು, ಬೆಕ್ಕಿನ ವಿಷಯ ನಿನಗೆ ಹೇಳಿ ಹೇಳಿ ಸಾಕಾಯಿತು.

ಮಗ ಹೋದದ್ದು ಅತ್ತೆಗೆ ನೆನಪಿಲ್ಲ. ದೀಪ ಹಚ್ಚಿದ ಮೇಲೆ ಬಟ್ಟೆ ಇಡದೆ ಸುಮ್ಮನೆ ಮಷೀನು ತುಳಿ. ಆ ಸಪ್ಪಳ ಕೇಳಿದರೇನೇ ಅವರು ಉಣ್ಣುವುದು. "ಗುರುಪಾದ ಬಂದಾನೇನ?" ಅಂದರೆ ಹೂಂ ಅನ್ನು.

ಆದರೆ ಕೆಮ್ಮು ಬಂದಾಗ ನಿಮ್ಮಣ್ಣ ನಿಲ್ಲಿಸುತ್ತಿದ್ದರಲ್ಲ, ಹಾಗೆ ನಡುನಡುವೆ ನಿಲ್ಲಿಸಿ ತುಳಿಯಬೇಡ ತಂಗಿ. ನಿನ್ನೆ ಅದನ್ನು ಕೇಳುತ್ತ ನಾನು ಅವರಿಗೂ ತಾಟು ಹಾಕಿಬಿಟ್ಟಿದ್ದೆ.

ಚೆನ್ನವ್ವ