ಹೆಸರಿಗೊಂದು ಮನೆ

೧೧, ಕಿಲ್‌ರೋ ಬಡಾವಣೆ
ಕಾರ್ಕ್
ಭಾನುವಾರ, ಮಾರ್ಚ್ ೯

ಪ್ರೀತಿಯ ಕೋಲ್ಮನ್,

‘ಪ್ರೀತಿಯ’ ಅಂತ ಬರೆದು ಪೆನ್ನು ಕೆಳಗಿಟ್ಟೆ. ಹೊಡೆದುಹಾಕಲೇ ಅಂತ ಯೋಚಿಸಿದೆ. ಹನ್ನೆರಡು ವರ್ಷದ ಅಭ್ಯಾಸ, ಇರಲಿ ಬಿಡು. ಸುಳ್ಳೂ ಅಲ್ಲ.

ಪ್ರತಿ ಶನಿವಾರ ಬರುವ ನಿಮ್ಮಮ್ಮನಿಗೆ ಜ್ವರ ಅಂತ ನಿನ್ನೆ ನಮ್ಮ ನೆಸ್ಸಾಳನ್ನು ಕರೆದುಕೊಂಡು ಹೋಗಲು ನೀನೇ ಇಲ್ಲಿಯವರೆಗೆ ಬಂದೆ. ಈ ಮನೆಯ ಬೀಗದ ಕೈ ನನ್ನ ಕೈಗೆ ಬಂದು ಐದು ತಿಂಗಳಾಯಿತು, ನೀನು ಹೊಸಿಲು ತುಳಿದದ್ದು ನಿನ್ನೆಯೇ ಮೊದಲು. ಕಾಲೊರಸಿನ ಮೇಲೆ ಮೂರು ಸಲ ಬೂಟು ಒರೆಸಿಕೊಂಡು, “ಒಳಗೆ ಬರ್ಬಹುದಾ?” ಅಂದೆ. ಮೀಟರ್ ಓದಲು ಬಂದವರು ಕೇಳುವ ಹಾಗೆ. ಟೀ ಕುಡಿದೆ, ನಲ್ಲಿ ತಿರುಗಿಸಿ ನೋಡಿದೆ, ಗೋಡೆಗೆ ಬೆರಳಿನ ಗೆಣ್ಣಿನಿಂದ ತಟ್ಟಿ, “ಪರವಾಗಿಲ್ಲ, ಗಟ್ಟಿ ಕಟ್ಟಿದಾರೆ” ಅಂದೆ. ನೆಸ್ಸಾ ಕೋಟು ಹುಡುಕಲು ಮಹಡಿಗೆ ಹೋದಾಗ ದನಿ ತಗ್ಗಿಸಿ ಕೇಳಿಯೇಬಿಟ್ಟೆ: “ಈಟಾ, ಇನ್ನೂ ಎಷ್ಟು ದಿನ ಹೀಗೆ? ನಾವು ಬೇರೆ ಆಗಿದ್ದು ಕಾಗದದ ಮೇಲೆ ತಾನೇ? ನಾನು ಯಾವಾಗ ಬರ್ಲಿ, ಹೇಳು.”

ನಾನು ಒಣಗಿದ್ದ ಮೇಜನ್ನೇ ಮತ್ತೆ ಒರೆಸುತ್ತಾ ನಿಂತೆ. ಅಷ್ಟರಲ್ಲಿ ನೆಸ್ಸಾ ಇಳಿದು ಬಂದಳು. ನೀವಿಬ್ಬರೂ ಬಸ್ಸಿನ ಕಡೆ ಹೋದಿರಿ. ನೀನು ಒಮ್ಮೆ ತಿರುಗಿ ನೋಡಿದೆ. ಆ ಪ್ರಶ್ನೆಗೆ ಉತ್ತರ ಈ ಕಾಗದ. ಬಾಯಲ್ಲಿ ಹೇಳುವ ಧೈರ್ಯ ನನಗಿಲ್ಲ.

ಬಾಡಿಗೆ ಮನೆಯ ಯಜಮಾನ ಮನೆ ಮಾರುತ್ತೇನೆ ಅಂದಾಗ ನೆಸ್ಸಾಗೆ ಎರಡು ವರ್ಷ. “ಮೂರೇ ತಿಂಗಳು, ಬೇರೆ ಸಿಕ್ಕೇ ಸಿಗುತ್ತೆ” ಅಂತ ನಿಮ್ಮಮ್ಮನ ಹಿಂದಿನ ಕೋಣೆಗೆ ಪೆಟ್ಟಿಗೆ ಸಾಗಿಸಿದೆವು. ಆರು ವರ್ಷ ಅಲ್ಲೇ ಕಳೆಯಿತು. ಕನ್ಸೆಪ್ಟಾ ಅತ್ತೆಯನ್ನು ನಾನು ದೂರುವುದಿಲ್ಲ. ಒಂದು ದಿನವೂ ಅವರು ನನಗೆ ಬಿರುನುಡಿ ಆಡಿದವರಲ್ಲ. ಆದರೆ ಗೋಡೆ ತೆಳು. ನೀನೂ ನಾನೂ ಆರು ವರ್ಷ ಪಿಸುಮಾತಿನಲ್ಲೇ ಜಗಳವಾಡಿದೆವು, ಪಿಸುಮಾತಿನಲ್ಲೇ ರಾಜಿಯಾದೆವು, ಪ್ರೀತಿ ಮಾಡುವಾಗಲೂ ಉಸಿರು ಬಿಗಿಹಿಡಿದೆವು. ಬೆಳಿಗ್ಗೆ ಅತ್ತೆ ಗಂಜಿ ಬಡಿಸುತ್ತಾ, “ನಿನ್ನೆ ಇಬ್ರೂ ಜಗಳ ಆಡ್ಲಿಲ್ಲ ಅಲ್ವಾ? ಏನೂ ಕೇಳಿಸ್ಲೇ ಇಲ್ಲ” ಅಂತ ಸಂತೋಷಪಟ್ಟದ್ದು ನೆನಪಿದೆಯಾ? ಆ ದಿನ ನಾವಿಬ್ಬರೂ ನಗು ತಡೆಯಲಾರದೆ ಹಿತ್ತಲಿಗೆ ಓಡಿದ್ದೆವು. ಆಗ ಇನ್ನೂ ನಗುತ್ತಿದ್ದೆವು.

ಆಮೇಲೆ ನಗರಸಭೆಯ ಯೋಜನೆ ಬಂತು. ಹಳೇ ಚರ್ಮದ ಕಾರ್ಖಾನೆಯ ಜಾಗದಲ್ಲಿ ನಲವತ್ತು ಮನೆ, ಪೇಟೆಯ ಬೆಲೆಗಿಂತ ಕಡಿಮೆಗೆ. ಇದುವರೆಗೂ ಸ್ವಂತ ಮನೆ ಕಾಣದವರಿಗೆ ಮಾತ್ರ. ಬೇಕರಿಯಲ್ಲಿ ಯಾರೋ ಹೇಳಿದ್ದು ಕೇಳಿ ನಾನು ಏಪ್ರನ್ ಬಿಚ್ಚುವುದನ್ನೂ ಮರೆತು ಮನೆಗೆ ಓಡಿಬಂದಿದ್ದೆ. ಅತ್ತೆಯ ಅಡುಗೆಮನೆಯಲ್ಲಿ ಕೂತು ಅರ್ಜಿ ತುಂಬಿದೆವು. ನಾನು ಓದುತ್ತಿದ್ದೆ, ನೀನು ಬರೆಯುತ್ತಿದ್ದೆ. ‘ಈ ಹಿಂದೆ ನಿಮ್ಮಿಬ್ಬರಲ್ಲಿ ಯಾರ ಹೆಸರಿನಲ್ಲಾದರೂ ಮನೆ ಇತ್ತೇ?’ ನೀನು ತಲೆ ಎತ್ತದೆ ‘ಇಲ್ಲ’ ಅಂತ ಗುರುತು ಹಾಕಿ, ಇನ್ನೊಂದು ಕಪ್ ಟೀ ಕೇಳಿದೆ.

ಮನೆ ಸಿಕ್ಕವರ ಪಟ್ಟಿಯಲ್ಲಿ ನಮ್ಮ ಹೆಸರು ಬಂದ ದಿನ ನಿಮ್ಮಮ್ಮ ಖುಷಿಗೆ ಅತ್ತರು. ಆ ಬೇಸಿಗೆಯ ಭಾನುವಾರಗಳೆಲ್ಲ ಪೂಜೆ ಮುಗಿಸಿ ಚರ್ಚಿನಿಂದ ನೇರ ಅಲ್ಲಿಗೇ ಹೋಗುತ್ತಿದ್ದೆವು, ತಂತಿ ಬೇಲಿಯಾಚೆ ಗೋಡೆ ಏಳುವುದನ್ನು ನೋಡಲು. ಒಂದು ಸಲ ನಿನ್ನ ಜೊತೆ ಹರ್ಲಿಂಗ್ ಆಡುತ್ತಿದ್ದ ಮೇಸ್ತ್ರಿ ನಮ್ಮನ್ನು ಒಳಗೆ ಬಿಟ್ಟ. ಛಾವಣಿ ಇನ್ನೂ ಹಾಕಿರಲಿಲ್ಲ. ನೀನು, ನೆಸ್ಸಾ ಕೆಳಗೆ ಸೋಫಾ ಎಲ್ಲಿಡುವುದು ಅಂತ ಹೆಜ್ಜೆ ಹಾಕಿ ಅಳೆಯುತ್ತಿದ್ದಿರಿ. ನಾನು ಮೇಲಿನ ಕೋಣೆಯಲ್ಲಿ ಒಬ್ಬಳೇ ನಿಂತಿದ್ದೆ. ನಾಲ್ಕು ಗೋಡೆ, ಮೇಲೆ ಆಕಾಶ. ನನ್ನೆದೆಯಲ್ಲಿ ಏನೋ ಒಂದು ಗಂಟು ಸಡಿಲವಾಯಿತು. ಎಷ್ಟು ಹಾಯಾಗಿತ್ತೆಂದರೆ, “ಅಮ್ಮಾ, ಬಾ” ಅಂತ ನೆಸ್ಸಾ ಕೂಗಿದರೂ ಓಗೊಡಲಿಲ್ಲ. ಸ್ವಂತ ಮನೆಯ ಖುಷಿ ಇದು ಅಂದುಕೊಂಡೆ. ಅಲ್ಲ ಕೋಲ್ಮನ್. ಅಲ್ಲಿ ಯಾರೂ ಇರಲಿಲ್ಲ, ಅದರ ಖುಷಿ.

ಆ ಸೆಪ್ಟೆಂಬರಿನಲ್ಲಿ, ನಮ್ಮ ಮನೆಯ ಕಾಗದಪತ್ರ ನೋಡುತ್ತಿದ್ದ ವಕೀಲೆ ಡಿಂಪ್ನಾ ಟ್ವೂಮಿ ನಮ್ಮನ್ನು ಕರೆಸಿದರು. ಕನ್ನಡಕ ತೆಗೆದಿಟ್ಟು, ನೋಂದಣಿಯ ನಕಲನ್ನು ನಿನ್ನ ಕಡೆ ತಿರುಗಿಸಿದರು. ಕೋವ್ ಊರಿನಲ್ಲಿ ಒಂದು ಮನೆ, ಅರ್ಧ ಪಾಲು ಕೋಲ್ಮನ್ ಲಾರ್ಡನ್. ನಿನ್ನ ಇಪ್ಪತ್ಮೂರನೇ ವಯಸ್ಸಿನಲ್ಲಿ, ನಿನ್ನಣ್ಣ ಫಿನ್‌ಬಾರ್‌ಗೆ ಒಬ್ಬನಿಗೇ ಬ್ಯಾಂಕಿನವರು ಸಾಲ ಕೊಡಲಿಲ್ಲ ಅಂತ ನೀನೂ ಸಹಿ ಹಾಕಿದ್ದೆ.

“ಅದು ಹೆಸರಿಗಷ್ಟೇ ಮೇಡಂ. ಅಲ್ಲಿ ಒಂದು ರಾತ್ರಿನೂ ಮಲಗಿಲ್ಲ ನಾನು” ಅಂದೆ ನೀನು.

“ಇಲ್ಲಿ ಕೇಳ್ತಿರೋದೂ ಹೆಸರನ್ನೇ, ಕೋಲ್ಮನ್” ಅಂದರು ಅವರು. ಪಾಪ, ಮೆತ್ತಗೇ ಹೇಳಿದರು.

ವಾಪಸ್ ಬರುವಾಗ ಬಸ್ಸಿನ ಮೇಲಂತಸ್ತಿನಲ್ಲಿ ಕೂತು, “ಮರ್ತೇ ಹೋಗಿತ್ತು ಕಣೇ” ಅಂದೆ ನೀನು.

“ಮನೆ ಮರ್ತುಹೋಗುತ್ತಾ ಯಾರಿಗಾದ್ರೂ? ಆರು ವರ್ಷ ಮನೆ ಮನೆ ಅಂತ ಸಾಯ್ತಿದೀನಿ ನಾನು, ನಿನಗೆ ಮರ್ತುಹೋಯ್ತಾ?” ಆರು ವರ್ಷದಲ್ಲಿ ನಾನು ಗಂಟಲು ಬಿಚ್ಚಿದ್ದು ಅದೇ ಮೊದಲು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ನೀನು ದಿನವೂ ಓಡಿಸುವ ಬಸ್ಸು ಅದು. ಅವತ್ತು ಅದನ್ನು ಓಡಿಸುತ್ತಿದ್ದ ನಿನ್ನ ಗೆಳೆಯ ಕೆಳಗಿನಿಂದಲೇ, ಮೇಲಂತಸ್ತು ಕಾಣುವ ಕನ್ನಡಿಯಲ್ಲಿ ನಮ್ಮನ್ನು ನೋಡಿ ಕಣ್ಣು ತಗ್ಗಿಸಿದನಂತೆ, ಆಮೇಲೆ ನೀನೇ ಹೇಳಿದೆ. ನಿನಗೆ ಎಷ್ಟು ಅವಮಾನವಾಗಿರಬೇಕು! ನೀನು ಒಂದು ಮಾತೂ ತಿರುಗಿ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ ಕೊನೆಗೆ ನಮ್ಮ ಮನೆ ಪಟ್ಟಿಯಲ್ಲಿ ನಮ್ಮ ಹಿಂದಿದ್ದವರಿಗೆ ಹೋಯಿತು. ಇಬ್ಬರೂ ಆಸ್ಪತ್ರೆಯಲ್ಲಿ ನರ್ಸ್‌ಗಳು, ಒಳ್ಳೆಯ ಜನ. ಈಗ ನನ್ನ ಎದುರು ಸಾಲಿನಲ್ಲೇ ಇದ್ದಾರೆ.

ಎರಡನೇ ಹಂತದ ಮನೆಗಳು ಶುರುವಾದಾಗ ಬೇರೆಯಾಗುವ ಮಾತು ತೆಗೆದವನು ನೀನು. ಗಂಡನಿಂದ ಕಾನೂನು ಪ್ರಕಾರ ಬೇರೆಯಾದ ಹೆಂಗಸು ಒಬ್ಬಳೇ ಅರ್ಜಿ ಹಾಕಬಹುದು ಅಂತ ಎಲ್ಲೋ ಕೇಳಿಕೊಂಡು ಬಂದಿದ್ದೆ. “ನಾನು ಫಿನ್‌ಬಾರ್ ಹತ್ರ ಇರ್ತೀನಿ. ಆ ಹಾಳು ಮನೇಲಿ ಒಂದಷ್ಟು ದಿನ ಮಲಗೋ ಯೋಗಾನೂ ಬರ್ಲಿ. ನಿನಗೆ ಮನೆ ಸಿಗ್ಲಿ, ಆಮೇಲೆ ಹೂ ಹಿಡ್ಕೊಂಡು ಬಂದು ಬಾಗಿಲು ತಟ್ತೀನಿ, ಇನ್ನೊಂದ್ಸಲ ಮದ್ವೆ ಆಗು ಅಂತೀನಿ” ಅಂದೆ. ತಮಾಷೆ ಮಾಡುತ್ತಿದ್ದೆ, ಆದರೆ ಕಣ್ಣು ತುಂಬಿತ್ತು. ನಿನ್ನ ತಪ್ಪಿಗೆ ನೀನೇ ಹಾಕಿಕೊಂಡ ಶಿಕ್ಷೆ ಅದು. ನಾನು ಬೇಡ ಅನ್ನುತ್ತೇನೆ ಅಂತ ಕಾದೆಯಾ? ನಾನು ಬೇಡ ಅನ್ನಲಿಲ್ಲ.

ಹೋದ ವರ್ಷ ಜನವರಿಯಲ್ಲಿ ಬೇರೆಯಾಗುವ ಕಾಗದಕ್ಕೆ ಸಹಿ ಹಾಕಿದೆವು. ಡಿಂಪ್ನಾ ನನ್ನನ್ನೇ ನೋಡಿ ಕೇಳಿದರು: “ಈಟಾ, ಮನೆ ಆಸೆಗೆ ಸುಳ್ಳು ಬರೀಬೇಡ. ಈ ಮದುವೆ ಮುಗೀತು ಅಂತ ಬರೆದಿದೆ ಇಲ್ಲಿ. ನಿಜ ತಾನೇ?”

“ನಿಜ” ಅಂದೆ.

ನೀನು ಮೇಜಿನ ಆಚೆಯಿಂದ ಕಣ್ಣು ಹೊಡೆದೆ. ಎಷ್ಟು ಚೆನ್ನಾಗಿ ಸುಳ್ಳು ಹೇಳ್ತಾಳೆ ಅಂದುಕೊಂಡಿರಬೇಕು. ನಾನು ಸುಳ್ಳು ಹೇಳಲಿಲ್ಲ. ಆ ಕೋಣೆಯಲ್ಲಿ ನಗರಸಭೆಗೂ ವಕೀಲರಿಗೂ ನಾನು ನಿಜವನ್ನೇ ಹೇಳಿದೆ. ಮೋಸ ಮಾಡಿದ್ದು ನಿನಗೊಬ್ಬನಿಗೇ.

ನನಗೆ ಬೇರೆ ಯಾರೋ ಇದ್ದಾರೆ ಅಂತ ಫಿನ್‌ಬಾರ್ ಅನ್ನುತ್ತಾನಂತೆ. ಯಾರೂ ಇಲ್ಲ. ನೀನು ಕೆಟ್ಟವನೂ ಅಲ್ಲ. ನೆಸ್ಸಾ ಹುಟ್ಟಿದಾಗ ಮೂರು ವಾರ ರಜೆ ಹಾಕಿ ಬಟ್ಟೆ ಒಗೆದವನು, ಪ್ರತಿ ಕ್ರಿಸ್‌ಮಸ್‌ಗೆ ನನ್ನಪ್ಪನ ಸಮಾಧಿಗೆ ನನಗಿಂತ ಮೊದಲು ಹೂವಿಟ್ಟು ಬರುತ್ತಿದ್ದವನು. ಆದರೂ ಆ ಆರು ವರ್ಷದಲ್ಲಿ ಎಲ್ಲೋ ಒಂದು ಕಡೆ, ಪಿಸುಗುಡುತ್ತಾ ಪಿಸುಗುಡುತ್ತಾ, ನಿನಗೆ ಹೇಳಬೇಕಾದ ಮಾತೇ ನನ್ನಲ್ಲಿ ಬತ್ತಿಹೋಯಿತು. ಯಾವತ್ತು ಅಂತ ತೋರಿಸು ಅಂದರೆ ತೋರಿಸಲಾರೆ. ಒಂದು ಒಳ್ಳೇ ಮನೆ ಸಮಯಕ್ಕೆ ಸಿಕ್ಕಿದ್ದರೆ ನಾವು ಉಳಿಯುತ್ತಿದ್ದೆವೇನೋ. ಸಿಗಲಿಲ್ಲ. ಸಿಗುವ ಹೊತ್ತಿಗೆ ನನಗೆ ಬೇಕಾದದ್ದು ಮನೆ ಮಾತ್ರ ಆಗಿತ್ತು.

ಇಲ್ಲಿ ಸುಖವಾಗಿದ್ದೇನೆ ಅಂತಲೂ ತಿಳಿಯಬೇಡ. ಇಷ್ಟು ಗಟ್ಟಿ ಗೋಡೆಯ ನಡುವೆಯೂ ನನ್ನ ದನಿ ಏಳುವುದಿಲ್ಲ. “ಅಮ್ಮಾ, ಯಾಕೆ ಮೆತ್ತಗೆ ಮಾತಾಡ್ತೀಯಾ? ಅಜ್ಜಿ ಇಲ್ವಲ್ಲ ಇಲ್ಲಿ” ಅನ್ನುತ್ತಾಳೆ ನೆಸ್ಸಾ. ಅವಳು ಶಾಲೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಜೋರಾಗಿ ಅಳುತ್ತೇನೆ. ಸ್ವಂತ ಮನೆಯಿಂದ ನನಗೆ ಸಿಕ್ಕ ಅನುಕೂಲ ಸದ್ಯಕ್ಕೆ ಇಷ್ಟೇ.

ಆದ್ದರಿಂದ ಉತ್ತರ ಇದು: ಬರಬೇಡ. ಇರಲು ಬರಬೇಡ. ಶನಿವಾರ ನೆಸ್ಸಾಗಾಗಿ ಬಾ, ಒಳಗೆ ಬಂದು ಕೂತು ಟೀ ಕುಡಿ. ಕೇಳಿಕೊಂಡು ಬರಬೇಕಾಗಿಲ್ಲ. ನಿಮ್ಮಮ್ಮನಿಗೆ ನಾನೇ ಹೇಳುತ್ತೇನೆ, ನೀನು ಹೇಳಬೇಡ. ಅವರು ನಿನ್ನೆದುರು ಅತ್ತರೆ ನೀನು ತಡೆಯಲಾರೆ.

ನಿನ್ನ ಮೇಲೆ ಈಗ ಒಂಚೂರೂ ಕೋಪವಿಲ್ಲದ,
ಈಟಾ

ತಾ.ಕ.: ಸಹಿ ಹಾಕಿ ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಇಷ್ಟು ಹೇಳಿ ಇದೊಂದನ್ನು ಮುಚ್ಚಿಟ್ಟರೆ ನಿನ್ನ ತಪ್ಪೇ ದೊಡ್ಡದು ಅಂತ ನೀನು ಸಾಯುವವರೆಗೂ ನಂಬುತ್ತೀಯ. ಬಸ್ಸಿನಲ್ಲಿ ಕೂಗಾಡಿದ ಹತ್ತು ದಿನಕ್ಕೆ ನಗರಸಭೆಯಿಂದ ಇಬ್ಬರ ಹೆಸರಿಗೂ ಒಂದು ಕಾಗದ ಬಂದಿತ್ತು. ನೀನು ಕೆಲಸಕ್ಕೆ ಹೋಗಿದ್ದೆ. ಕೋವ್‌ನ ಮನೆಯಲ್ಲಿ ನೀನು ವಾಸವಿರಲಿಲ್ಲ, ಅದು ಹೆಸರಿಗಷ್ಟೇ ಅಂತ ನೀನೂ ಫಿನ್‌ಬಾರ್‌ನೂ ಪ್ರಮಾಣ ಮಾಡಿ ಬರೆದುಕೊಟ್ಟು, ಅಲ್ಲಿಂದ ನಿನ್ನ ಹೆಸರು ತೆಗೆಸಿದರೆ ಅರ್ಜಿಯನ್ನು ಮತ್ತೆ ನೋಡುತ್ತೇವೆ, ಮೂವತ್ತು ದಿನ ಮನೆಯನ್ನು ನಿಮಗಾಗಿ ಹಿಡಿದಿಡುತ್ತೇವೆ ಅಂತ ಬರೆದಿದ್ದರು. ಆ ಮೂವತ್ತು ದಿನವೂ ನೀನು ಊಟದ ತಟ್ಟೆ ಮುಂದೆ ಕೂತು, “ಏನಾದ್ರೂ ದಾರಿ ಇರುತ್ತಾ ಈಟಾ?” ಅಂತ ಕೇಳುತ್ತಿದ್ದೆ. ನಾನು ಇಲ್ಲ ಅನ್ನುತ್ತಿದ್ದೆ. ತೋರಿಸಿದ್ದರೆ ನೀನು ಆ ಕ್ಷಣವೇ ಕೋವ್‌ನ ರೈಲು ಹತ್ತಿ, ಫಿನ್‌ಬಾರ್‌ನ ಸಹಿ ಹಾಕಿಸಿಕೊಂಡೇ ಬರುತ್ತಿದ್ದೆ. ಅದು ನನಗೆ ಗೊತ್ತಿತ್ತು, ಅದಕ್ಕೇ ತೋರಿಸಲಿಲ್ಲ.