ಟ್ಯಾಂಕು ಹೊರಟ ದಿನ

ಭಾನುವಾರ, ಬೆಳಗಿನ ಹೊತ್ತು

ಪ್ರೀತಿಯ ಅತ್ತೆಗೆ,

ಸೊಸೆಯ ನಮಸ್ಕಾರ. ಕೋರ್ಟಿನ ಆದೇಶ ಬಂದ ಮೇಲೆ ನಾನು ನಿಮ್ಮ ಸೊಸೆಯಲ್ಲ, ಗೊತ್ತು. ಆದರೆ ನಿಮ್ಮ ಮಗನಿಗೂ ನನಗೂ ಮುಗಿಯಿತೆಂದರೆ ನಮ್ಮಿಬ್ಬರಿಗೂ ಮುಗಿಯಬೇಕೇ? ಬಾಯಲ್ಲಿ ಅತ್ತೆ ಅಂತಲೇ ಬರುತ್ತದೆ, ಬೈಯಬೇಡಿ.

ಮೊದಲು ಸಿಹಿ ಸುದ್ದಿ. ಕೆಲಸ ಕಾಯಂ ಆಯಿತು. ಅದರಲ್ಲಿ ಅರ್ಧ ಪಾಲು ನಿಮ್ಮದು, ಉಪಚಾರಕ್ಕೆ ಹೇಳುತ್ತಿಲ್ಲ.

"ದಿನವಿಡೀ ಆ ಕಂಪ್ಯೂಟರಿನೊಳಗೆ ಏನ್ ಮಾಡ್ತೀಯೇ?" ಎಂದು ನನ್ನ ಜೊತೆ ಮನೆಯಲ್ಲಿದ್ದಾಗ ಕೇಳುತ್ತಿದ್ದಿರಲ್ಲ, ಈಗ ಹೇಳುತ್ತೇನೆ. ನೀರಿನ ಟ್ಯಾಂಕು ಕಟ್ಟುವ ಮೊದಲೇ ಅದರ ಗೋಡೆ ತಡೆದೀತೇ ಎಂದು ನೋಡುವುದು ನನ್ನ ಕೆಲಸ. ಗೋಡೆಯನ್ನು ಚೌಕ ಚೌಕವಾಗಿ ತುಂಡು ಮಾಡುತ್ತೇವೆ. ಒಂದೊಂದು ತುಂಡೂ ಒಂದು ಪ್ಲೇಟು. ಪ್ರತಿ ಪ್ಲೇಟಿನ ಮೇಲೂ ನೀರಿನ ಒತ್ತಡ ಹಾಕಬೇಕು, ಮೇಲ್ಗಡೆ ಕಡಿಮೆ, ತಳಕ್ಕೆ ಹೋದಂತೆ ಹೆಚ್ಚು. ಬಟ್ಟೆಗಿರುವಂತೆ ಪ್ಲೇಟಿಗೂ ಒಳಮೈ ಹೊರಮೈ ಇದೆ. ಒತ್ತಡ ಯಾವ ಕಡೆಗೆ ತಳ್ಳುತ್ತದೆ ಎಂಬುದು ಅದರ ಮೇಲೆ ನಿಂತಿದೆ.

ನಾನು ಮಹಾ ಜಾಣೆ ನೋಡಿ, ಒಂದು ಗೋಡೆ ಮಾಡಿ ಅದನ್ನೇ ನಕಲಿಸಿ ಎದುರಿಗೆ ನಿಲ್ಲಿಸಿದೆ. ಎರಡಕ್ಕೂ ಅದೇ ಒತ್ತಡ ಹಾಕಿದೆ. ನಕಲು ಗೋಡೆಯ ಮೈ ತಿರುಗಿರಲೇ ಇಲ್ಲ! ಎರಡನ್ನೂ ಹೊರಗೆ ತಳ್ಳಬೇಕಾದ ನೀರು ಒಂದನ್ನು ಹೊರಗೂ ಇನ್ನೊಂದನ್ನು ಒಳಗೂ ತಳ್ಳುತ್ತಿತ್ತು. ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ಬಂದದ್ದಕ್ಕೆ ನಾನು ಬೀಗಿದ್ದೇ ಬೀಗಿದ್ದು.

ನಮ್ಮ ಆಫೀಸಿನ ಹಿರಿಯ ಎಂಜಿನಿಯರು, ಮೀಸೆ ಸಾಹೇಬರು, ಚಿತ್ರದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ತಳಕ್ಕೆ ಬಂದ ಬಲಗಳ ಮೊತ್ತ ನೋಡಿ, "ಏನಮ್ಮಾ, ನಿನ್ನ ಟ್ಯಾಂಕಿಗೆ ಕಾಲು ಬಂದಿದೆಯಲ್ಲ, ಎಲ್ಲಿಗೆ ಹೊರಟಿದೆ?" ಎಂದರು. ನಿಂತ ನೀರು ಎದುರುಬದುರು ಗೋಡೆಗಳನ್ನು ಸಮನಾಗಿ ತಳ್ಳಿದರೆ ಟ್ಯಾಂಕು ಅಡ್ಡಕ್ಕೆ ಹೋಗುವ ಮಾತೇ ಇಲ್ಲ. ನನ್ನದು ಪಕ್ಕದ ಸೈಟಿಗೆ ನಡೆದುಬಿಡುವಂತಿತ್ತು. ಎಲ್ಲರೂ ನಕ್ಕರು. ಆಮೇಲೆ ಸಾಹೇಬರು ನಗದೆ ಹೇಳಿದರು, ಬೆಳಿಗ್ಗೆ ಕಂಬಿ ಕಟ್ಟುವವರಿಗೆ ನಕ್ಷೆ ಹೋಗಬೇಕು, ಇವತ್ತೇ ಸರಿಮಾಡದಿದ್ದರೆ ನಿನ್ನನ್ನು ಉಳಿಸಿಕೊಳ್ಳುವುದು ಕಷ್ಟ ಎಂದು. ವರ್ಷಗಟ್ಟಲೆ ಮನೆಯಲ್ಲಿದ್ದು ಬಂದವಳಿಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ?

ಮೆಟ್ಟಿಲ ಹತ್ತಿರ ನಿಂತು ನಿಮಗೆ ಫೋನ್ ಮಾಡಿದೆ. "ಅಳೋದು ಆಮೇಲೆ, ಹೋಗಿ ಕೂತ್ಕೊ. ಮಗೂನ ಸ್ಕೂಲಿಂದ ನಾನ್ ಕರ್ಕೊಂಡ್ ಬರ್ತೀನಿ. ಎಷ್ಟೊತ್ತಾದ್ರೂ ಆಗ್ಲಿ, ಮುಗಿಸ್ಕೊಂಡೇ ಬಾ" ಎಂದಿರಿ. ಆ ಗೋಡೆಯ ಒತ್ತಡದ ದಿಕ್ಕು ಬದಲಿಸುವುದು ಕ್ಷಣದ ಕೆಲಸ. ಕಂಬಿಯ ಲೆಕ್ಕ ಹೊಸದಾಗಿ ಮಾಡುವಷ್ಟರಲ್ಲಿ ಮಾತ್ರ ಸಾಕುಸಾಕಾಯಿತು. ಆದರೆ ಒಮ್ಮೆಯೂ ಗಡಿಯಾರ ನೋಡಲಿಲ್ಲ. ಮನೆಯಲ್ಲಿ ನೀವಿದ್ದಿರಿ. ಅಡ್ಡಬಲ ಸೊನ್ನೆಗೆ ಬಂದದ್ದು ನೋಡಿ ಸಾಹೇಬರು ಮೀಸೆಯೊಳಗೇ ನಕ್ಕರು.

ಮೊನ್ನೆ ನಿಮ್ಮ ಬಾಯಿಬಡಕಿ ಮೊಮ್ಮಗಳು ಬಾಯಿಬಿಟ್ಟಳು. ಆ ದಿನ ನಿಮ್ಮ ಚೀಲ ಬಾಗಿಲ ಹತ್ತಿರ ತಯಾರಾಗಿತ್ತಂತೆ, "ಅಜ್ಜಿ ನನಗೋಸ್ಕರ ಬಸ್ಸು ಬಿಟ್ಟಳು" ಎನ್ನುತ್ತಾಳೆ. ಮಾರನೆಯ ದಿನ ನಿಮ್ಮ ತಮ್ಮನ ಮನೆಗೆ ಹೊರಡುವಾಗಲೂ ನೀವು ಅದರ ಸೊಲ್ಲೆತ್ತಲಿಲ್ಲ. ಅದಕ್ಕೇ ಅರ್ಧ ಪಾಲು ನಿಮ್ಮದು ಎಂದದ್ದು.

ಮಂಡಿನೋವು ಕಡಿಮೆಯಾದ ಮೇಲೆ ಬರುತ್ತೇನೆ ಎಂದಿದ್ದಿರಿ. ಮಗುವನ್ನು ನೋಡಿಕೊಳ್ಳಲಿ ಎಂದು ಕರೆಯುತ್ತಿಲ್ಲ, ಅದಕ್ಕೆ ಪಕ್ಕದ ಮನೆಯವರು ಒಪ್ಪಿದ್ದಾರೆ. ನೀವಿಲ್ಲದೆ ಮನೆ ಬಿಕೋ ಎನ್ನುತ್ತಿದೆ, ಅಷ್ಟೆ.

ಇಂತಿ,
ಕೋರ್ಟು ಏನೇ ಅಂದರೂ, ನಿಮ್ಮ ಸೊಸೆ

ಕವರು ಅಂಟಿಸುವ ಮುನ್ನ ಇನ್ನೊಂದು ಮಾತು: ನಿಮ್ಮ ಮಗನಿಗೆ ಮತ್ತೆ ಮದುವೆ ನಿಶ್ಚಯವಾಗಿದೆ, ನನಗೆ ಗೊತ್ತು. ಅದನ್ನು ನನ್ನ ಮುಖ ನೋಡಿ ಹೇಳಲಾಗದೆ ತಮ್ಮನ ಮನೆಗೆ ಹೊರಟುಹೋದಿರಿ, ಅದೂ ಗೊತ್ತು. ಮದುವೆಗೆ ಹೋಗಿ, ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ. ಬರುವವಳನ್ನೂ ಬಾಯಿತುಂಬ ಸೊಸೆ ಎನ್ನಿ. ನನಗೆ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ. ಎಲ್ಲ ಮುಗಿದ ಮೇಲೆ ಮನೆಗೆ ಬನ್ನಿ, ಅತ್ತೆ.